ನಿಂತ ಮೋಟಾರಿನ ನಾಡಿ

ನಮ್ಮಲ್ಲಿ ಎರಡು ಗಾದೆಗಳಿವೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎನ್ನುವುದು ಒಂದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುವುದು ಇನ್ನೊಂದು. ಎರಡರಲ್ಲೂ ‘ನೋಡು’ ಇದೆ, ಆದರೆ ನೋಟ ಬೇರೆ ಬೇರೆ. ಇನ್ನೂ ಏನೂ ನಡೆಯದಿರುವಾಗಲೇ ಮುಂದೆ ನಡೆಯುವುದನ್ನು ಕಂಡುಕೊಳ್ಳಬಹುದೆಂದು ಮೊದಲನೆಯದು ಹೇಳುತ್ತದೆ. ಕೈಹಾಕಿ ಬಿಸಿ ತಾಗಿಸಿಕೊಂಡವರಿಗೆ ಮಾತ್ರ ತಿಳಿಯುತ್ತದೆಂದು ಎರಡನೆಯದು ಹೇಳುತ್ತದೆ. ಹಿರಿಯರು ಈ ಎರಡನ್ನೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರಿಗೆ ಯಾವ ಇಕ್ಕಟ್ಟೂ ಇರುತ್ತಿರಲಿಲ್ಲ. ಇಕ್ಕಟ್ಟು ನಮ್ಮದು.

ಸುಮ್ಮನೆ ನಿಂತಿರುವ ಒಂದು ವಸ್ತುವನ್ನು, ಒಂದು ಪ್ರಾಣಿಯನ್ನು, ಒಬ್ಬ ಮನುಷ್ಯಳನ್ನು ನಾವು ಎಷ್ಟರಮಟ್ಟಿಗೆ ಅರಿಯಬಲ್ಲೆವು? ಓಡಿಸಿಯೇ ಅರಿಯಬೇಕೆನ್ನುವುದಾದರೆ ಆ ಓಟದ ಬೆಲೆಯನ್ನು ತೆರುವವರು ಯಾರು, ಓಡಿಸಿದವರೋ ಓಡಿದವರೋ? ಇದು ಪಂಡಿತರ ಪ್ರಶ್ನೆಯಂತೆ ಕಾಣಬಹುದು. ಆದರೆ ಹೆಣ್ಣುಮಕ್ಕಳಾದ ನಾವು ಹುಟ್ಟಿದಾಗಿನಿಂದ ಯಾರದೋ ಅಳತೆಗೆ ಸಿಕ್ಕಿಕೊಂಡೇ ಬಂದವರು. ಅಳತೆಯ ವಿಷಯ ನಮ್ಮದಲ್ಲವೆಂದು ಬಿಡುವ ಹಾಗಿಲ್ಲ.

ನನಗೆ ಈ ಪ್ರಶ್ನೆ ಸ್ಪಷ್ಟವಾಗಿ ಮೂಡಿದ್ದು ಪುಸ್ತಕ ಓದುವಾಗಲ್ಲ, ಒಂದು ಕೊಳವೆಬಾವಿಯ ಪಕ್ಕದಲ್ಲಿ. ಚಳ್ಳಕೆರೆ ಸೀಮೆಯ ಬೋರುಗಳನ್ನು ನೀವು ಬಲ್ಲಿರಾದರೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ಕಡಿಮೆ, ನೀರು ಆಳ. ಮೋಟಾರು ನೂರಾರು ಅಡಿ ಕೆಳಗೆ, ಕತ್ತಲೆಯಲ್ಲಿ, ಪಂಪಿನ ಜೊತೆ ಬೆಸೆದುಕೊಂಡು ನೀರಿನಲ್ಲಿ ಮುಳುಗಿ ಕೂತಿರುತ್ತದೆ. ಒಮ್ಮೆ ಇಳಿಸಿದರೆ ಅದರ ಮುಖ ನಮಗೆ ಕಾಣುವುದು ಅದು ಕೆಟ್ಟಾಗಲೇ. ಮೇಲೆತ್ತಬೇಕೆಂದರೆ ಗಾಡಿ ಕರೆಸಬೇಕು, ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು, ದಿನದ ಕೂಲಿ ಕೊಡಬೇಕು.

ನಮ್ಮ ಮೈದುನನ ತೋಟದಲ್ಲಿ ಅಂಥದೊಂದು ಬೋರಿಗೆ ಬಿಸಿಲಿನ ಫಲಕ ಹಾಕಿಸಿದರು. ಫಲಕದಿಂದ ಬರುವ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವಂಥದು. ಮೋಟಾರಿಗೆ ಬೇಕಾದದ್ದು ಮೂರು ಫೇಸಿನ ಏರಿಳಿಯುವ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾಡಿ, ಬಿಸಿಲು ಏರಿದ ಹಾಗೆ ಮೋಟಾರಿನ ವೇಗವನ್ನು ಏರಿಸಿ, ಮೋಡ ಬಂದಾಗ ಇಳಿಸುವ ಪೆಟ್ಟಿಗೆಯೊಂದನ್ನು ನಡುವೆ ಕೂರಿಸುತ್ತಾರೆ. ಅದಕ್ಕೆ ಡ್ರೈವ್ ಎಂದು ಹೆಸರು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಈ ಹೆಸರು ಕೇಳದವರು ಕಡಿಮೆ. ಈಚೆಗೆ ಆಸ್ಪತ್ರೆಯ ಲಿಫ್ಟಿನಲ್ಲೂ ಅದೇ, ಹಿಟ್ಟಿನ ಗಿರಣಿಯಲ್ಲೂ ಅದೇ.

ಈ ಡ್ರೈವಿಗೆ ತಾನು ಯಾವ ಮೋಟಾರನ್ನು ನಡೆಸಬೇಕೆಂಬುದು ಮೊದಲು ಗೊತ್ತಾಗಬೇಕು. ಪೆಟ್ಟಿಗೆ ಕೂರಿಸಲು ಬಂದ ಹುಡುಗ ಮೋಟಾರಿನ ತಗಡಿನ ಮೇಲೆ ಕೊರೆದಿದ್ದ ಅಂಕಿಗಳನ್ನು ಚೀಟಿಯಿಂದ ನೋಡಿಕೊಂಡು ಒತ್ತಿದ: ಇಷ್ಟು ವೋಲ್ಟು, ಇಷ್ಟು ಆಂಪಿಯರು, ಇಷ್ಟು ಸುತ್ತು. ಆಮೇಲೆ ಇನ್ನೊಂದು ಗುಂಡಿ ಒತ್ತಿ ಸುಮ್ಮನೆ ನಿಂತ. ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟಿತು. ಪೈಪಿನಲ್ಲಿ ನೀರು ಬರಲಿಲ್ಲ.

“ಏನಪ್ಪಾ, ಓಡ್ತಾ ಇಲ್ವಲ್ಲ?” ಎಂದೆ.

“ಓಡಲ್ಲಕ್ಕ. ಇದು ನಿಂತಿದ್ದಂಗೇ ನೋಡೋ ಟ್ಯೂನಿಂಗು. ಕೆಳಗಿರೋ ಮೋಟ್ರನ್ನ ಪಂಪಿಂದ ಬಿಡಿಸೋಕಾಗಲ್ಲ ನೋಡಿ, ಅದಕ್ಕೆ.”

“ಓಡದೆ ಏನು ಗೊತ್ತಾಗುತ್ತೆ ಅದಕ್ಕೆ?”

“ಎಲ್ಲಾ ಗೊತ್ತಾಗಲ್ಲಕ್ಕ. ಸುರು ಮಾಡೋಕೆ ಸಾಕಾಗೋವಷ್ಟು ಗೊತ್ತಾಗುತ್ತೆ.”

ಅವನು ಹೇಳಿದ ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಂದೆ ತಿಳಿದವರನ್ನು ಕೇಳಿ, ಓದಿ, ಆ ಎರಡು ನಿಮಿಷಗಳಲ್ಲಿ ಏನು ನಡೆಯುತ್ತದೆಂದು ತಿಳಿದುಕೊಂಡೆ. ನಿಮಗೂ ಹೇಳುತ್ತೇನೆ, ಕಷ್ಟದ್ದೇನಲ್ಲ.

ಮೊದಲು ಡ್ರೈವು ಒಂದೇ ದಿಕ್ಕಿನ ಸ್ವಲ್ಪ ವಿದ್ಯುತ್ತನ್ನು ಸುರುಳಿಗೆ ಬಿಡುತ್ತದೆ. ಎಷ್ಟು ಒತ್ತಿದರೆ ಎಷ್ಟು ಹರಿಯಿತೆಂದು ನೋಡಿ ತಂತಿಯ ತಡೆ ಎಷ್ಟೆಂದು ಲೆಕ್ಕ ಹಾಕುತ್ತದೆ. ಆಮೇಲೆ ಒಂದೇ ಜಾಡಿನಲ್ಲಿ ಹಿಂದೆ ಮುಂದೆ ಆಡುವ ವಿದ್ಯುತ್ತನ್ನು ಬಿಡುತ್ತದೆ. ಮೂರು ಫೇಸೂ ಸರದಿಯಂತೆ ಬಂದಾಗ ಮೋಟಾರಿನೊಳಗೆ ಅಯಸ್ಕಾಂತದ ಬಲ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಅದರ ಹಿಂದೆ ನಡುವಿನ ಉರುಳೆಯೂ ಸುತ್ತುತ್ತದೆ. ಒಂದೇ ಜಾಡಿನಲ್ಲಿ ಆಡಿದರೆ ಅದು ತೊಟ್ಟಿಲು ತೂಗಿದ ಹಾಗೆ. ಅತ್ತ ಎಳೆದಷ್ಟೇ ಇತ್ತಲೂ ಎಳೆಯುತ್ತದೆ, ತೊಟ್ಟಿಲು ಮನೆ ಬಿಟ್ಟು ಹೋಗುವುದಿಲ್ಲ. ನಿಂತಲ್ಲೇ ನಿಂತ ಮೋಟಾರು ಆ ತೂಗಾಟಕ್ಕೆ ಹೇಗೆ ಮಿಡಿಯಿತೆಂಬುದರಿಂದ ಅದರ ಒಳಗಿನ ಇನ್ನೆರಡು ಗುಣಗಳು ತಿಳಿಯುತ್ತವೆ. ವೈದ್ಯರು ನಾಡಿ ಹಿಡಿದ ಹಾಗೆ ಎನ್ನಿ. ರೋಗಿಯನ್ನು ಬೆಟ್ಟ ಹತ್ತಿಸಬೇಕಾಗಿಲ್ಲ, ಮಲಗಿದ್ದಾಗಲೇ ಮಣಿಕಟ್ಟು ಒಂದಿಷ್ಟು ಹೇಳುತ್ತದೆ.

ಹೀಗೇಕೆ ಮಾಡುತ್ತಾರೆಂದರೆ, ಓಡಿಸಿ ನೋಡುವುದು ಎಲ್ಲ ಕಡೆ ಸಾಧ್ಯವಿಲ್ಲ. ಓಡಿಸಿ ಸರಿಯಾಗಿ ಅಳೆಯಬೇಕಾದರೆ ಮೋಟಾರಿನ ಮೇಲಿನ ಹೊರೆಯನ್ನು ಬಿಡಿಸಿ ಬರಿದೇ ತಿರುಗಿಸಬೇಕು. ಬೋರಿನ ತಳದಲ್ಲಿ ಹೊರೆ ಬಿಡಿಸುವವರು ಯಾರು? ನೀರಿಲ್ಲದೆ ಓಡಿಸಿದರೆ ಅದರ ಬೇರಿಂಗುಗಳು ಕೆಡುತ್ತವೆ, ಏಕೆಂದರೆ ಅದಕ್ಕೆ ತಂಪೂ ನೀರೇ, ಎಣ್ಣೆಯೂ ನೀರೇ. ಲಿಫ್ಟಿನ ಮೋಟಾರಿಗೆ ಹಗ್ಗ, ಹಗ್ಗಕ್ಕೆ ಪೆಟ್ಟಿಗೆ ನೇತುಬಿದ್ದಿರುತ್ತದೆ. ಬ್ರೇಕು ಬಿಟ್ಟು ‘ನೋಡೋಣ ತಿರುಗು’ ಎನ್ನಲಾಗದು. ಇಂಥ ಕಡೆ ಓಟದ ಪರೀಕ್ಷೆಯೇ ಅಪಾಯ. ಹಾಗಾಗಿ ನಿಲ್ಲಿಸಿಯೇ ಅಳೆಯುತ್ತಾರೆ. ಇದು ಸೋಮಾರಿತನವಲ್ಲ, ಒಂದು ಬಗೆಯ ದಯೆ.

ಆದರೆ ಈ ಅಳತೆಗೆ ಕೈಗೆಟುಕದ ಮೂರು ಸಂಗತಿಗಳಿವೆ. ನನ್ನ ಪ್ರಬಂಧವೆಲ್ಲ ಈ ಮೂರರ ಮೇಲೆ ನಿಂತಿದೆ.

ಮೊದಲನೆಯದು ಬಿಸಿ. ತಾಮ್ರ ಕಾದಷ್ಟೂ ಅದರ ತಡೆ ಹೆಚ್ಚುತ್ತದೆ. ಹತ್ತು ಡಿಗ್ರಿಗೆ ನೂರಕ್ಕೆ ಸುಮಾರು ೪ರಷ್ಟು. ಬೆಳಗಿನ ತಂಪಿನಲ್ಲಿ ಅಳೆದ ಮೋಟಾರು ಹೊತ್ತೇರಿ ದುಡಿದು ೫೦ ಡಿಗ್ರಿ ಕಾದರೆ ಅದರ ತಡೆ ಐದನೇ ಒಂದು ಭಾಗ ಹೆಚ್ಚಾಗಿರುತ್ತದೆ. ತಣ್ಣಗಿದ್ದಾಗಿನ ಅಂಕಿ ಸುಳ್ಳಲ್ಲ. ಆದರೆ ಅದು ತಣ್ಣಗಿದ್ದಾಗಿನ ಅಂಕಿ.

ಎರಡನೆಯದು ಹೊರೆಯ ಭಾರ. ಇದಕ್ಕೆ ಕಟ್ಟಿದ ಗಾಲಿ ಎಷ್ಟು ತೂಕದ್ದು, ವೇಗ ಹಿಡಿಯಲು ಎಷ್ಟು ಹೊತ್ತು ಬೇಕು, ನಿಲ್ಲಲು ಎಷ್ಟು ಹೊತ್ತು ಬೇಕು ಎಂಬುದನ್ನು ನಿಂತ ಮೋಟಾರು ಹೇಳಲಾರದು. ಅದು ಮೋಟಾರಿನೊಬ್ಬಳ ಗುಣವೇ ಅಲ್ಲ, ಅವಳಿಗೆ ಕಟ್ಟಿದ ಸಂಸಾರದ ಗುಣ.

ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು. ಮೋಟಾರು ಯಾವ ಕೆಲಸವನ್ನೂ ಮಾಡದೆ ಬರಿದೇ ತಿರುಗುವಾಗಲೂ ಪೂರ್ಣ ಹೊರೆಯಲ್ಲಿ ಎಳೆಯುವುದರ ಮೂರನೇ ಒಂದು ಭಾಗದಷ್ಟು, ಕೆಲವು ಸಲ ಇನ್ನೂ ಹೆಚ್ಚು ಆಂಪಿಯರನ್ನು ಎಳೆಯುತ್ತದೆ. ಅದು ಹೋಗುವುದೆಲ್ಲಿಗೆ? ಒಳಗೆ ಅಯಸ್ಕಾಂತದ ಬಲವನ್ನು ಕಟ್ಟುವುದಕ್ಕೆ ಮತ್ತು ಕಟ್ಟಿದ್ದನ್ನು ಉಳಿಸಿಕೊಳ್ಳುವುದಕ್ಕೆ. ಮನೆಯ ಮೀಟರಿನ ಯೂನಿಟ್ಟಿನಲ್ಲಿ ಅದು ಹೆಚ್ಚಾಗಿ ಕಾಣಿಸುವುದೂ ಇಲ್ಲ. ಹೊರಗೆ ಒಂದು ಕೊಡ ನೀರೂ ಅದರಿಂದ ಬರುವುದಿಲ್ಲ. ಆದರೆ ಅದಿಲ್ಲದಿದ್ದರೆ ಒಂದು ಹನಿಯೂ ಬಾರದು. ನಿಂತ ಮೋಟಾರಿನಲ್ಲಿ ಇದನ್ನು ನಿಖರವಾಗಿ ಅಳೆಯುವುದು ಕಷ್ಟ. ಸಾಮಾನ್ಯವಾಗಿ ತಗಡಿನ ಮೇಲಿನ ಅಂಕಿಗಳಿಂದ ಅಂದಾಜು ಕಟ್ಟಿಕೊಳ್ಳುತ್ತಾರೆ.

ಇದನ್ನು ತಿಳಿದ ದಿನ ನಾನು ಅಡಿಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ. ‘ಏನು ಮಾಡ್ತಾರೆ ನಿಮ್ಮ ಮನೆಯವರು?’ ಎಂದು ಯಾರಾದರೂ ಕೇಳಿದರೆ ನಮ್ಮ ಗಂಡಸರು ಸಲೀಸಾಗಿ ‘ಏನಿಲ್ಲ, ಮನೇಲೇ ಇರ್ತಾಳೆ’ ಎನ್ನುತ್ತಾರಲ್ಲ, ಆ ‘ಏನಿಲ್ಲ’ಕ್ಕೆ ಇಷ್ಟು ದಿನ ನನ್ನ ಹತ್ತಿರ ತಕ್ಕ ಮಾತಿರಲಿಲ್ಲ. ಬೆಳಿಗ್ಗೆ ಹಾಲು ಕಾಸುವುದು, ಯಾರಿಗೆ ಯಾವ ಔಷಧಿ ಯಾವ ಹೊತ್ತಿಗೆ ಎಂದು ನೆನಪಿಡುವುದು, ಇಬ್ಬರ ಮುನಿಸನ್ನು ಮೂರನೆಯವರಿಗೆ ತಿಳಿಯದಂತೆ ಸರಿಮಾಡುವುದು, ನೆಂಟರ ಮನೆಯ ಮುಯ್ಯಿಯ ಲೆಕ್ಕ ಇಡುವುದು, ಇವೆಲ್ಲ ಯಾವ ಯೂನಿಟ್ಟಿಗೂ ಸಿಗುವುದಿಲ್ಲ. ಮನೆ ಮನೆಯಾಗಿ ನಿಲ್ಲಲು ಬೇಕಾದ ಬಲವನ್ನು ಇವು ಕಟ್ಟುತ್ತವೆ. ಕಂಡದ್ದನ್ನಷ್ಟೇ ಅಳೆದವರು ಕಾಣದ್ದಕ್ಕೆ ಸೊನ್ನೆ ಬರೆಯುತ್ತಾರೆ.

ನಿಲ್ಲಿಸಿ ಅಳೆಯುವ ಪದ್ಧತಿ ನಮಗೆ ಹೊಸದೇನಲ್ಲ. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ನೋಡುತ್ತಾರೆ. ಅಷ್ಟಕ್ಕೇ ಬಿಡದ ಜಾಣರು ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇದೇ ಇತ್ತು. ನನ್ನನ್ನು ನೋಡಲು ಬಂದವರು ಒಂದು ಹಾಡು ಹೇಳೆಂದರು, ಅಲ್ಲಿಂದ ಇಲ್ಲಿಗೆ ನಡೆಯೆಂದರು, ಜಡೆ ನಿಜವೇ ಎಂದು ಒಬ್ಬಾಕೆ ಹಿತವಾಗಿಯೇ ಎಳೆದು ನೋಡಿದರು. ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವಷ್ಟರಲ್ಲಿ ನಾನು ಅಳತೆಗೆ ಸಿಕ್ಕಿ ಮುಗಿದಿದ್ದೆ. ಅವರು ಕಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಜಡೆ ನಿಜವೇ ಆಗಿತ್ತು. ಆದರೆ ಅದು ತಣ್ಣಗಿದ್ದಾಗಿನ ಅಂಕಿ. ಮುಂದೆ ಮಾವನವರು ಎರಡು ವರ್ಷ ಹಾಸಿಗೆ ಹಿಡಿದಾಗ ನಾನು ಹೇಗಿದ್ದೆನೆಂಬುದನ್ನು ಆ ಸಂಜೆ ಅವರೂ ಬಲ್ಲವರಲ್ಲ, ನಾನೂ ಬಲ್ಲವಳಲ್ಲ.

ಹಾಗಾದರೆ ಓಡಿಸಿಯೇ ನೋಡಬೇಕು ಎನ್ನೋಣವೆ? ಇಲ್ಲೇ ನಾನು ತಡೆದು ನಿಲ್ಲುತ್ತೇನೆ. ಓಡಿಸಿ ನೋಡುವ ಪದ್ಧತಿಯೂ ನಮ್ಮ ಮನೆಗಳಲ್ಲಿ ಇತ್ತು. ಹೊಸ ಸೊಸೆ ಬಂದ ತಿಂಗಳಲ್ಲೇ ಊರವರಿಗೆಲ್ಲ ಊಟ ಇಟ್ಟು, ‘ತಡೀತಾಳೋ ನೋಡೋಣ’ ಎಂದು ಜಗಲಿಯ ಮೇಲೆ ಕೂತು ನೋಡುವುದು ಅದೇ ತಾನೆ? ಅದರಿಂದ ಆಕೆಯ ತ್ರಾಣವೆಷ್ಟೆಂಬುದು ನಿಜವಾಗಿ ತಿಳಿಯುತ್ತದೆ. ತಿಳಿಯುವುದು ನೋಡಿದವರಿಗೆ, ಸವೆಯುವುದು ಆಕೆಗೆ. ಸೀತೆಯನ್ನು ಬೆಂಕಿಗೆ ಇಳಿಸಿದ್ದು ಓಟದ ಪರೀಕ್ಷೆಯ ಕೊನೆಯ ಮೆಟ್ಟಿಲು: ಪರೀಕ್ಷೆಯೇ ಸುಡುವಂಥದು. ಗೆದ್ದು ಬಂದಳಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಗೆದ್ದವಳು ಮತ್ತೆ ಕಾಡು ಸೇರಿದ್ದನ್ನು ನೋಡಿದರೆ ಆ ಪರೀಕ್ಷೆ ಯಾರ ಸಂಶಯವನ್ನೂ ತೀರಿಸಿರಲಿಲ್ಲವೆಂದು ತಿಳಿಯುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋದಾಗಲೆಲ್ಲ ನನಗೆ ಇದರ ಇನ್ನೊಂದು ಮುಖ ಕಾಣುತ್ತದೆ. ಜಟಾಯು ಬಿದ್ದ ಜಾಗ ಅದೆಂದು ಸ್ಥಳಪುರಾಣ. ಮುದಿ ಹಕ್ಕಿ ಆಕಾಶದಲ್ಲಿ ಒಬ್ಬ ಹೆಂಗಸಿನ ಕೂಗು ಕೇಳಿತು. ಅವಳನ್ನು ಅದು ಅಳೆಯಲಿಲ್ಲ, ಪರೀಕ್ಷಿಸಲಿಲ್ಲ. ಕೇಳಿದಷ್ಟೇ ಅದಕ್ಕೆ ಸಾಕಾಯಿತು. ಆ ಹುಡುಗ ಹೇಳಿದ ಹಾಗೆ, ಎಲ್ಲ ಗೊತ್ತಾಗಲಿಲ್ಲ. ಸುರು ಮಾಡಲು ಸಾಕಾಗುವಷ್ಟು ಗೊತ್ತಾಯಿತು. ಅಷ್ಟರಿಂದಲೇ ಅದು ತನ್ನ ರೆಕ್ಕೆಯನ್ನು ಪಣಕ್ಕಿಟ್ಟಿತು. ಸೀತೆಯ ಪರೀಕ್ಷೆಯಲ್ಲಿ ಬೆಲೆ ತೆತ್ತವಳು ಸೀತೆ. ಜಟಾಯುವಿನ ನಂಬಿಕೆಯಲ್ಲಿ ಬೆಲೆ ತೆತ್ತದ್ದು ನಂಬಿದ ಜಟಾಯುವೇ. ಧರ್ಮ ಎಲ್ಲಿತ್ತೆಂದು ಹೇಳಲು ಇದಕ್ಕಿಂತ ಬೇರೆ ತಕ್ಕಡಿ ಬೇಕೆ?

ನಮ್ಮ ಸೀಮೆಯ ಮ್ಯಾಸನಾಯಕರಲ್ಲಿ ದೇವರ ಎತ್ತುಗಳೆಂಬ ಹಿಂಡುಗಳಿವೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ. ಕಿಲಾರಿಗಳು ಅವನ್ನು ಕಾಯುತ್ತಾರೆ. ಬರ ಬಂದಾಗ ತಮ್ಮ ಹೊಟ್ಟೆಗಿಂತ ಮೊದಲು ಅವುಗಳ ಮೇವಿಗೆ ಪರದಾಡುತ್ತಾರೆ. ಕೆಲಸ ಮಾಡದ ಎತ್ತಿಗೆ ಏನು ಬೆಲೆ ಎಂದು ಪೇಟೆಯವರಾದ ನಮಗೆ ಅನ್ನಿಸಬಹುದು. ಇನ್ನೊಂದು ಕಡೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತಿದೆ: ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ. ಕೆರೆ ಕಟ್ಟಿಸಿದ ಗುರುವಿನ ಮಾತು ಅದು, ದುಡಿಮೆಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಮಾತು. ಒಂದೇ ನೆಲದಲ್ಲಿ ಎರಡು ನ್ಯಾಯಗಳು. ದುಡಿದದ್ದಕ್ಕೆ ತಕ್ಕಷ್ಟು ಕೊಡು ಎನ್ನುವುದು ಒಂದು. ದುಡಿಯದಿದ್ದರೂ ಬದುಕಿಗೊಂದು ಬೆಲೆಯುಂಟು ಎನ್ನುವುದು ಇನ್ನೊಂದು. ಮೊದಲನೆಯದಿಲ್ಲದಿದ್ದರೆ ಕೂಲಿಯವಳಿಗೆ ಮೋಸ. ಎರಡನೆಯದಿಲ್ಲದಿದ್ದರೆ ಮುದುಕರಿಗೂ ಕೂಸುಗಳಿಗೂ ಕಾಯಿಲೆಯವರಿಗೂ ಮೋಸ. ನಮ್ಮ ಜನ ಎರಡನ್ನೂ ಇಟ್ಟುಕೊಂಡದ್ದು ಜಾಣತನವೆಂದೇ ನನಗನಿಸುತ್ತದೆ.

ಇಷ್ಟು ಹೇಳಿ ವರವು ಕಾವಲಿನ ಮಾತು ಬಿಟ್ಟರೆ ನನ್ನ ಮಾತು ಅರ್ಧವಾಗುತ್ತದೆ.

ವರವು ಕಾವಲು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ದೊಡ್ಡ ಹುಲ್ಲುಗಾವಲು, ಅಮೃತ್ ಮಹಲ್ ಕಾವಲುಗಳಲ್ಲೊಂದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಹೆಸರಿದ್ದ ದನಗಳ ಇಲಾಖೆಗೆ ಟಿಪ್ಪು ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ದಂಡಿನ ತೋಪುಗಳನ್ನೂ ಸಾಮಾನನ್ನೂ ಎಳೆಯುತ್ತಿದ್ದ ಆ ಎತ್ತುಗಳ ಮೇವಿಗೆಂದು ಸೀಮೆ ಸೀಮೆಯಲ್ಲಿ ಕಾಯ್ದಿಟ್ಟ ನೆಲಗಳೇ ಕಾವಲುಗಳು. ದಂಡು ಹೋದ ಮೇಲೂ ಹುಲ್ಲು ಉಳಿಯಿತು. ಸುತ್ತಲ ಹಳ್ಳಿಗಳ ದನಕುರಿ ಅಲ್ಲಿ ಮೇಯ್ದವು. ಆ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಎಷ್ಟೋ ಮನೆಗಳು ಬದುಕಿದವು. ಹೆಂಗಸರು ಕಾವಲಿನಿಂದ ಸೌದೆ ತಂದರು, ಉಣ್ಣೆ ಬಿಡಿಸಿ ನೂಲು ತೆಗೆದರು. ಹೊರಗಿನಿಂದ ಬಂದು ಬೇಸಿಗೆಯಲ್ಲಿ ನಿಂತು ನೋಡಿದರೆ ಅದು ಒಣಗಿದ ಬಯಲು. ಏನೂ ಇಲ್ಲ, ಏನೂ ನಡೆಯುತ್ತಿಲ್ಲ. ಮೊದಲ ಮಳೆ ಬಿದ್ದು ವಾರವಾದ ಮೇಲೆ ನೋಡಿದವರಿಗೆ ಮಾತ್ರ ಅದು ಓಡುತ್ತಿರುವುದು ಕಾಣುತ್ತದೆ.

೨೦೧೦ರ ಆಸುಪಾಸಿನಲ್ಲಿ ಈ ನೆಲವನ್ನು ದೇಶದ ದೊಡ್ಡ ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನೆಯ ಡಿ.ಆರ್.ಡಿ.ಓ.ಗೆ ೪,೨೯೦ ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದ ಬಳಿ ೧,೫೦೦ ಎಕರೆ, ಇಸ್ರೋಗೆ ೫೭೩ ಎಕರೆ. ಪಕ್ಕದ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ ೧,೮೧೦ ಎಕರೆ. ಗೋಡೆಗಳು ಎದ್ದವು. ಕುರಿಯವರು ಪ್ರತಿಭಟಿಸಿದರು, ೨೦೧೩ರ ಹೊತ್ತಿಗೆ ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಮುಂದಿತ್ತು. ೨೦೧೭ರ ಮೇ ೨೮ರಂದು ಅಲ್ಲಿ ವಿಮಾನ ಪರೀಕ್ಷಾ ಕ್ಷೇತ್ರ ಉದ್ಘಾಟನೆಯಾಯಿತು.

ಆ ಕ್ಷೇತ್ರದಲ್ಲಿ ೨೦೨೩ರ ಏಪ್ರಿಲ್ ೨ರಂದು ನಡೆದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿ ಹಿಗ್ಗಿದೆವು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರಬಲ್ಲ ರೆಕ್ಕೆಯ ವಾಹನವೊಂದರ ಮಾದರಿಯನ್ನು ವಾಯುಪಡೆಯ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತನ್ನಷ್ಟಕ್ಕೆ ತಾನೇ ದಾರಿ ಹಿಡಿದು ಇಳಿದಾಣದ ಮೇಲೆ ಇಳಿಯಿತು. ೨೦೨೪ರ ಮಾರ್ಚ್ ೨೨ರಂದೂ ಜೂನ್ ೨೩ರಂದೂ ಇನ್ನೂ ಕಷ್ಟದ ಕೋನಗಳಿಂದ ಅದನ್ನೇ ಮಾಡಿ ತೋರಿಸಿದರು. ಗಮನಿಸಿ, ಪೂರ್ತಿ ಓಡಿಸಲಿಲ್ಲ. ಆಕಾಶದಾಚೆಯಿಂದ ಬೀಳಿಸಿ ‘ನೋಡೋಣ’ ಎನ್ನಲಿಲ್ಲ. ಕೊನೆಯ ಹಾದಿಯಷ್ಟನ್ನೇ, ಕೆಳಗೆ ಯಾರಿಗೂ ಅಪಾಯವಾಗದಂತೆ, ಮತ್ತೆ ಮತ್ತೆ ಪರೀಕ್ಷಿಸಿದರು. ಯಾವುದು ತಿಳಿಯಿತು, ಯಾವುದು ಇನ್ನೂ ತಿಳಿಯಬೇಕು ಎಂಬುದನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವವರು ಮಾಡುವ ಕೆಲಸ ಇದು. ಒಂದು ಯಂತ್ರದ ಬಗ್ಗೆ ಇಂಥ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೆಚ್ಚುತ್ತಲೇ ಕೇಳುತ್ತೇನೆ: ಅದೇ ತಾಳ್ಮೆ ಅದೇ ನೆಲಕ್ಕೆ ಸಿಕ್ಕಿತೆ? ಯಂತ್ರವನ್ನು ಇಳಿಸುವ ಮೊದಲು ಅದರ ಒಂದೊಂದು ಗುಣವನ್ನೂ ಅಳೆದೆವು. ಹುಲ್ಲುಗಾವಲನ್ನು ಹಂಚುವ ಮೊದಲು ಎಕರೆಯನ್ನು ಅಳೆದೆವು. ಎಕರೆ ನಿಂತ ನೆಲದ ಅಳತೆ. ಎಷ್ಟು ಕುರಿ, ಎಷ್ಟು ತಿಂಗಳು, ಬರದ ವರ್ಷ ಯಾರ ದನ ಎಲ್ಲಿಂದ ಬಂದು ಉಳಿಯಿತು, ಕಂಬಳಿಯ ಯಾವ ಎಳೆ ಯಾವ ಹೆಂಗಸಿನ ಬೆರಳಿನದು, ಈ ಲೆಕ್ಕ ಎಕರೆಯಲ್ಲಿ ಇಲ್ಲ. ಅದು ಓಡುವ ನೆಲದ ಲೆಕ್ಕ. ಅದನ್ನು ಅಳೆಯುವುದು ಕಷ್ಟವೇ ಇರಬಹುದು. ಆದರೆ ಕಷ್ಟವೆಂದು ಅಳೆಯದೆ ಬಿಡುವುದು ಬೇರೆ. ಅಳೆಯದ್ದನ್ನು ‘ಇಲ್ಲ’ ಎಂದು ಬರೆಯುವುದು ಬೇರೆ. ದೇಶಕ್ಕೆ ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ತಂಗಿಯ ಮಗಳು ವಿಜ್ಞಾನ ಓದುತ್ತಿದ್ದಾಳೆ, ಓದಲಿ. ನಾನು ಹೇಳುತ್ತಿರುವುದು ಒಂದು ಸೊನ್ನೆಯ ವಿಷಯ.

ಈಗ ನನಗೆ ತೋಚಿದ್ದನ್ನು ಒಟ್ಟು ಮಾಡಿ ಹೇಳುತ್ತೇನೆ. ನಿಲ್ಲಿಸಿ ಅಳೆಯುವುದು ತಪ್ಪಲ್ಲ. ಎಲ್ಲರನ್ನೂ ಎಲ್ಲವನ್ನೂ ಓಡಿಸಿಯೇ ನೋಡುತ್ತೇನೆಂಬುದು ಕ್ರೌರ್ಯ. ಮಗುವಿನ ಧೈರ್ಯ ನೋಡಲು ಬಾವಿಗೆ ತಳ್ಳುವವರಿಲ್ಲ. ಓಟದ ಬೆಲೆಯನ್ನು ಇನ್ನೊಬ್ಬರು ತೆರಬೇಕಾದಲ್ಲಿ ನಾಡಿ ಹಿಡಿದು ತಿಳಿದಷ್ಟರಲ್ಲಿ ತೃಪ್ತಿಪಟ್ಟುಕೊಳ್ಳುವುದೇ ಮನುಷ್ಯತ್ವ. ಆದರೆ ಈ ದಯೆಗೆ ಎರಡು ಕಟ್ಟುಪಾಡುಗಳಿವೆ.

ಒಂದು, ಅಳೆಯದ ಜಾಗವನ್ನು ಖಾಲಿ ಬಿಡಬೇಕು. ‘ಸಮಾಧಾನ ಕಡಿಮೆ’, ‘ಕೆಲಸಕ್ಕೆ ಆಗದವಳು’, ‘ಬಂಜರು’, ‘ಏನಿಲ್ಲ’ ಎಂಬ ಮಾತುಗಳನ್ನು ತುಂಬಿಬಿಡಬಾರದು. ಖಾಲಿ ಜಾಗ ಪ್ರಾಮಾಣಿಕವಾದದ್ದು. ಸೊನ್ನೆ ಹಾಗಲ್ಲ; ಸೊನ್ನೆಯೂ ಒಂದು ಅಂಕಿ, ಅದೂ ಒಂದು ತೀರ್ಪು.

ಎರಡು, ಓಟ ಸುರುವಾದ ಮೇಲೆ ಕೇಳಿಸಿಕೊಳ್ಳುವುದನ್ನು ನಿಲ್ಲಿಸಬಾರದು. ಒಳ್ಳೆಯ ಡ್ರೈವುಗಳು ಈ ಕೆಲಸವನ್ನೂ ಮಾಡುತ್ತವಂತೆ. ಬೆಳಿಗ್ಗೆ ಅಳೆದ ಅಂಕಿಯನ್ನೇ ಹಿಡಿದು ಕೂರದೆ, ಮೋಟಾರು ಕಾದ ಹಾಗೆ ಅದರ ತಡೆ ಎಷ್ಟಾಗಿರಬಹುದೆಂದು ಓಡುತ್ತಲೇ ತಿದ್ದಿಕೊಳ್ಳುತ್ತವೆ. ಮೊದಲ ಅಳತೆ ಅವಕ್ಕೆ ಹೊರಡುವ ಜಾಗ, ಮುಗಿದ ತೀರ್ಪಲ್ಲ. ಮದುವೆಯಾಗಿ ಮೂವತ್ತು ವರ್ಷವಾದರೂ ಹೆಣ್ಣು ನೋಡಲು ಬಂದ ದಿನದ ಮಾತನ್ನೇ ಹೇಳಿ ಹಂಗಿಸುವ ಮನೆಗಳಿವೆ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯನ್ನು ನಲವತ್ತರ ಮಗನ ಮುಖಕ್ಕೆ ಹಿಡಿಯುವ ತಂದೆಯರಿದ್ದಾರೆ. ಆ ಪೆಟ್ಟಿಗೆಯ ಮುಂದೆ ಇವರೆಲ್ಲ ಒಂದು ಗಳಿಗೆ ನಿಲ್ಲಬೇಕು.

ಇದು ನಮಗೆ ನಾವು ಹಾಕಿಕೊಳ್ಳುವ ಅಳತೆಗೂ ಸಲ್ಲುತ್ತದೆ. ‘ನನ್ನ ಕೈಲಿ ಆಗಲ್ಲ ಬಿಡಿ’ ಎಂದು ನಾವು ಎಷ್ಟು ಸಲ ಹೇಳಿಲ್ಲ! ಬ್ಯಾಂಕಿಗೆ ಒಬ್ಬಳೇ ಹೋಗುವುದು, ಸಂಘದ ಸಭೆಯಲ್ಲಿ ಎದ್ದು ಮಾತಾಡುವುದು, ಐವತ್ತರ ಮೇಲೆ ಏನಾದರೂ ಕಲಿಯುವುದು. ಆಗುವುದಿಲ್ಲ ಎನ್ನುವಾಗ ನಾವು ಹೇಳುತ್ತಿರುವುದು ನಿಂತಿದ್ದಾಗಿನ ಅಂಕಿಯನ್ನೇ. ಓಡಿದ್ದರೆ ಎಷ್ಟಾಗುತ್ತಿತ್ತೋ ಆ ಮನೆ ಇನ್ನೂ ಖಾಲಿಯಿದೆ, ಅಲ್ಲಿ ಯಾರೂ ಏನೂ ಬರೆದಿಲ್ಲ.

ಮೊನ್ನೆ ಆ ತಂಗಿಯ ಮಗಳಿಗೊಂದು ಸಂಬಂಧ ಬಂತು. ಅವರಿಗೆ ಕಳಿಸಲು ವಿವರ ಬರೆದುಕೊಡೆಂದು ತಂಗಿ ನನ್ನ ಹತ್ತಿರ ಕೂತಳು. ಎತ್ತರ, ನಕ್ಷತ್ರ, ಓದು ಎಲ್ಲ ಬರೆಸಿದ ಮೇಲೆ ‘ಸ್ವಭಾವ’ ಎಂಬ ಸಾಲು ಬಂತು. ಎಲ್ಲರೂ ಬರೆಯುವ ಹಾಗೆ ‘ಮೃದು ಸ್ವಭಾವ, ಹೊಂದಿಕೊಂಡು ಹೋಗುವವಳು’ ಎಂದು ಬರಿ ಎಂದಳು. ನಾನು ಹುಡುಗಿಯ ಮುಖ ನೋಡಿದೆ. ಅವಳು ಕಿಟಕಿಯ ಹತ್ತಿರ ನಿಂತು ನೆಲಗಡಲೆ ಸುಲಿಯುತ್ತಿದ್ದಳು. ಆ ಸಾಲನ್ನು ಖಾಲಿ ಬಿಟ್ಟು ಕೆಳಗಿನ ಸಾಲಿಗೆ ಹೋದೆ.

“ಅಲ್ಲಿ ಏನೂ ಬರೀಲಿಲ್ಲವಲ್ಲಕ್ಕ?” ಎಂದಳು ತಂಗಿ.

“ಅದು ಅವರೇ ತಿಳಿದುಕೊಳ್ಳಲಿ. ನಿಧಾನವಾಗಿ ತಿಳಿದುಕೊಳ್ಳಲಿ,” ಎಂದೆ.

ಹುಡುಗಿ ಸುಲಿದ ನಾಲ್ಕು ಬೀಜ ತಂದು ನನ್ನ ಅಂಗೈಗೆ ಹಾಕಿದಳು.